ಮೊಳೆಗೆ ತೂಗುಹಾಕಿದ ಸೌಟು

"ಇನ್ನು ಅದು ಬೇಡಮ್ಮ, ಕೈಯಲ್ಲೇ ಒತ್ತಿ," ಎಂದ ಎಲೆಕ್ಟ್ರಿಷಿಯನ್. ಬಚ್ಚಲುಮನೆಯ ಹೊಸ ಸ್ವಿಚ್ಚಿನ ಮುಂದೆ ನಿಂತವಳ ಕೈ, ಅಭ್ಯಾಸಬಲದಿಂದ ಪಕ್ಕದ ಮೊಳೆಗೆ ತೂಗುಹಾಕಿದ್ದ ಮರದ ಸೌಟಿಗೆ ಹೋಗಿತ್ತು.

ಹಳೆಯದು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಮನೆಮಂದಿಯೆಲ್ಲ ಸೌಟಿನ ಹಿಡಿಯಿಂದಲೇ ಒತ್ತುತ್ತಿದ್ದರು. "ನಮ್ಮನೇಲಿ ದೀಪಕ್ಕೂ ಸೌಟು ಹಿಡಿದು ಬಡಿಸ್ಬೇಕು ಕಣೇ," ಎಂದು ಗಂಡ ನಗುತ್ತಿದ್ದ. ಬದಲಾಯಿಸಿ ಎಂದರೆ, "ಅಯ್ಯೋ, ಗೋಡೆಯೆಲ್ಲ ಒಡೀಬೇಕು, ವಾರಗಟ್ಟಲೆ ರಗಳೆ. ಮುಂದೆ ನೋಡೋಣ," ಎನ್ನುತ್ತಿದ್ದ. ಒಂದು ಬೆಳಿಗ್ಗೆ ಅವಸರದಲ್ಲಿ ಸೌಟು ಮರೆತು, ಒದ್ದೆ ಕೈಯಲ್ಲೇ ಒತ್ತಿಬಿಟ್ಟ. ಅವನ ವಿಮೆಯ ಹಣದಲ್ಲೇ ಈಗ ವೈರಿಂಗ್ ಹೊಸದಾಗಿತ್ತು.

ಅವಳು ಬೆರಳಿನಿಂದ ಒತ್ತಿದಳು. ದೀಪ ಹತ್ತಿತು, ಏನೂ ಆಗಲಿಲ್ಲ. ಬೆರಳನ್ನು ತೆಗೆಯದೆಯೇ ಕೇಳಿದಳು: "ಈ ಕೆಲಸಕ್ಕೆ ಒಟ್ಟು ಎಷ್ಟು ಹೊತ್ತು ಹಿಡೀತಪ್ಪ?"

"ಅರ್ಧ ದಿನಾನೂ ಹಿಡೀಲಿಲ್ಲಮ್ಮ," ಎಂದ ಅವನು, ಹೆಮ್ಮೆಯಿಂದ.