ಒಂದೇ ಯಂತ್ರ, ಎರಡು ಬೆರಳು

ಎರಡು ಫೋನಿನಲ್ಲೂ ಒಟ್ಟಿಗೇ ‘ಯಂತ್ರ ನಿಮಗೆ ಸಿಕ್ಕಿದೆ’ ಎಂಬ ಹಸಿರು ಅಕ್ಷರ ಮೂಡಿತು. ಒಂದು ಫೋನು ಅತ್ತೆಯ ಕೈಯಲ್ಲಿ, ಇನ್ನೊಂದು ಡ್ರೈವರನ ಕೈಯಲ್ಲಿ. ಅತ್ತೆ ಬಾಡಿಗೆಗೆ ಕೊಡುವ, ಶೆಡ್ಡಿನಲ್ಲಿದ್ದ ಕೊಯ್ಲು ಯಂತ್ರ ಮಾತ್ರ ಒಂದೇ.

“ಒಳ್ಳೇದಾಯ್ತು ಬಿಡಿ,” ಡ್ರೈವರ್ ನಕ್ಕ. “ನಡುವೆ ಸೀಳಿ ಆಚೆಗರ್ಧ ಈಚೆಗರ್ಧ ಒಯ್ಲಾ ಅಮ್ಮಾ?”

ಅತ್ತೆ ನಗಲಿಲ್ಲ. ಹಿಂದಿನ ಸುಗ್ಗಿಯಲ್ಲಿ ಒಂದೇ ಬೆಳಗಿಗೆ ಇಬ್ಬರು ರೈತರಿಗೆ ಅವರೇ ಮಾತು ಕೊಟ್ಟಿದ್ದರು. ಒಬ್ಬನ ಕಾಳು ಹೊಲದಲ್ಲೇ ಉದುರಿಹೋಗಿತ್ತು. ಮತ್ತೊಮ್ಮೆ ಹಾಗಾದರೆ ಶೆಡ್ಡಿಗೆ ಬೀಗ ಎಂದಿದ್ದರು. ಅದಕ್ಕೇ ಸೊಸೆ ಈ ಬುಕಿಂಗ್ ಆ್ಯಪ್ ಕಟ್ಟಿದ್ದು. ಇವತ್ತು ಅದರ ಪರೀಕ್ಷೆ.

“ನಮ್ಮ ಲೆಕ್ಕಾನ ಯಾರದೋ ಕ್ಲೌಡ್‌ನಲ್ಲಿ ಇಡೋದು, ನಮ್ಮ ಹಸೂನ ಕಂಡವರ ಕೊಟ್ಟಿಗೇಲಿ ಕಟ್ಟಿದ ಹಾಗೆ ಅಂತ ಆಗಲೇ ಅಂದೆ,” ಅತ್ತೆ ಗೊಣಗಿದರು.

“ಮೇವು ನೀರು ಅವರೇ ನೋಡ್ಕೋತಾರಲ್ಲ ಅತ್ತೆ. ಇಲ್ಲಿಟ್ಟ ಕಂಪ್ಯೂಟರು ಹೊಟ್ಟಿನ ಧೂಳು ಕುಡಿದು ಸತ್ತಿದ್ದು ಮರೆತ್ರಾ?”

ಬಾಯಲ್ಲಿ ಹಾಗೆಂದರೂ ಸೊಸೆಗೆ ತನ್ನ ಆಯ್ಕೆಯ ಮೇಲೇ ಅನುಮಾನ ಬಂದಿತ್ತು. ಕ್ಲೌಡ್‌ನಲ್ಲಿ ಲೆಕ್ಕವಿಡಲು ನೋಎಸ್‌ಕ್ಯೂಎಲ್ ಎಂಬ ಬಗೆಯ ಡೇಟಾಬೇಸನ್ನು ಅವಳು ಸುಮ್ಮನೆ ಆರಿಸಿರಲಿಲ್ಲ. ಕೊಯ್ಲು ಯಂತ್ರದ ವಿವರವೇ ಬೇರೆ, ಔಷಧಿ ಪಂಪಿನದೇ ಬೇರೆ. ಅದರಲ್ಲಿ ಎಲ್ಲವನ್ನೂ ಒಂದೇ ಅಚ್ಚಿಗೆ ಹೊಯ್ಯಬೇಕಿಲ್ಲ. ಸುಗ್ಗಿಯಲ್ಲಿ ಊರಿಗೂರೇ ಮುಗಿಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ಒಂದನ್ನು ಇಬ್ಬರಿಗೆ ಕೊಡುವುದಾದರೆ ಅದನ್ನು ಕಟ್ಟಿಕೊಂಡು ಮಾಡುವುದೇನು?

ಟೈರಿನ ಮೇಲೆ ಕೂತು, ಲ್ಯಾಪ್‌ಟಾಪಿನಲ್ಲಿ ತಾನು ಬರೆದ ಕೋಡನ್ನೇ ಸಾಲುಸಾಲಾಗಿ ಓದಿದಳು. ತಪ್ಪು ಕಣ್ಣಿಗೆ ಬಿತ್ತು. ಅವಳ ಆ್ಯಪ್ ಮೊದಲು ‘ಯಂತ್ರ ಖಾಲಿಯಿದೆಯೇ’ ಎಂದು ಕೇಳಿ ಬಂದು, ಆಮೇಲೆ ಹೆಸರು ಬರೆಯಲು ಹೋಗುತ್ತಿತ್ತು. ಆ ಸಂದಿನಲ್ಲಿ ಇನ್ನೊಬ್ಬರು ನುಸುಳುತ್ತಿದ್ದರು. ‘ಖಾಲಿಯಿದ್ದರೆ ಮಾತ್ರ ಬರೆ’ ಎಂದು ಒಂದೇ ಉಸಿರಿಗೆ ಹೇಳಲು ಡೇಟಾಬೇಸಿನಲ್ಲಿ ದಾರಿಯಿತ್ತು; ಇವಳೇ ಹೇಳಿರಲಿಲ್ಲ. ತಿದ್ದಿದಳು.

“ಈಗ ಒತ್ತಿ. ಇಬ್ಬರೂ ಒಟ್ಟಿಗೇ.”

ಡ್ರೈವರನಿಗೆ ಹಸಿರು. ಅತ್ತೆಗೆ ‘ಆಗಲೇ ಹೋಯಿತು, ಬೇರೆ ದಿನ ಆರಿಸಿ’. ಹಟಕ್ಕೆ ಬಿದ್ದು ಬೇರೆ ಬೇರೆ ದಿನ ಆರಿಸಿ ಇಬ್ಬರೂ ಮತ್ತೆ ಮತ್ತೆ ಒತ್ತಿದರು. ಒಮ್ಮೆ ಇವರಿಗೆ, ಒಮ್ಮೆ ಅವನಿಗೆ, ಇಬ್ಬರಿಗೂ ಒಟ್ಟಿಗೆ ಮಾತ್ರ ಸಿಗಲೇ ಇಲ್ಲ. ಡ್ರೈವರ್ ಶೆಡ್ಡು ಮೊಳಗುವಂತೆ ಶಿಳ್ಳೆ ಹೊಡೆದ. “ನೀವು ಗೆದ್ರಿ ಅಕ್ಕಾ!”

“ನನ್ನ ಯಂತ್ರ, ನನಗೇ ಇಲ್ಲ ಅಂತದಲ್ಲೇ!” ಅತ್ತೆಯ ಮುಖ ಅರಳಿತ್ತು.

“ಹಾಗಾದ್ರೆ ಇದನ್ನೇ ಇಟ್ಕೊಳ್ಳೋಣ್ವಾ ಅತ್ತೆ?”

“ಇಟ್ಕೋ ಕಣೇ. ಬಂದವರ ಮುಖ ನೋಡಿ ‘ಇಲ್ಲ’ ಅನ್ನೋಕೆ ಇಷ್ಟು ವರ್ಷ ನನ್ನ ಕೈಲಂತೂ ಆಗ್ಲಿಲ್ಲ.”