ಕೆರೆಕೋಡಮ್ಮನ ಕರಪತ್ರ

"ಈ ಸಾಲು ಬ್ಯಾಡ ಕಣಣ್ಣ, ತೆಗ್ದುಬುಡಿ" ಎಂದಳು ಭಾಗ್ಯ.

ಹುಣಸೂರು ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಕಂಠಪ್ಪ ಟೈಪು ಮಾಡುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ದೇವರ ಮಹಿಮೆಯ ಕರಪತ್ರ ಮಾಡಿಕೊಡುವುದರಲ್ಲಿ ಅವನು ಸುತ್ತ ನಾಲ್ಕು ತಾಲ್ಲೂಕಿಗೆ ಹೆಸರುವಾಸಿ. ದೇವರು ಯಾರೇ ಆಗಲಿ, ಅವನ ಕಂಪ್ಯೂಟರಿನಲ್ಲಿ ಒಕ್ಕಣೆ ಮಾತ್ರ ಒಂದೇ: ಇದನ್ನು ನೂರೊಂದು ಪ್ರತಿ ಮಾಡಿಸಿ ಹಂಚಿದವರಿಗೆ ಒಂಬತ್ತು ದಿನದೊಳಗೆ ಶುಭ, ಉದಾಸೀನ ಮಾಡಿದ ಜವಳಿ ವ್ಯಾಪಾರಿಯೊಬ್ಬ ಮೂರನೆಯ ದಿನವೇ ಸತ್ತ. ಆ ಬಡಪಾಯಿ ವ್ಯಾಪಾರಿ ಇಪ್ಪತ್ತು ವರ್ಷದಿಂದ ಒಂದಲ್ಲ ಒಂದು ದೇವರ ಹೆಸರಿನಲ್ಲಿ ಸಾಯುತ್ತಲೇ ಇದ್ದ.

"ಅದೇ ಮುಖ್ಯ ಕಣಮ್ಮ. ಅದಿಲ್ದಿದ್ರೆ ಯಾರು ಹಂಚ್ತಾರೆ?"

"ನಮ್ ಕೆರೆಕೋಡಮ್ಮ ಯಾರ್ನೂ ಸಾಯಿಸ್ಲಿಲ್ವಲ್ಲಣ್ಣ. ನನ್ ಮಗಳನ್ನ ಉಳ್ಸಿಕೊಟ್ಳು. ಅಷ್ಟೇ ಬರೀರಿ."

ಭಾಗ್ಯ ಕಟ್ಟೆಮಳಲವಾಡಿಯವಳು, ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುವವಳು. ಮಗಳು ಮಧುಶ್ರೀ ಡೆಂಗಿ ಜ್ವರ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಾಗ ವಾರ್ಡಿನ ಹೊರಗೆ ಕೂತು ಊರದೇವತೆ ಕೆರೆಕೋಡಮ್ಮನಿಗೆ ಹರಕೆ ಹೊತ್ತಿದ್ದಳು. ಮಗಳು ಮನೆಗೆ ಬಂದರೆ, ನೀನು ಕೈಬಿಡಲಿಲ್ಲ ಎಂಬುದನ್ನು ಬರೆಸಿ ಜನಕ್ಕೆಲ್ಲ ಹಂಚುತ್ತೇನೆ ತಾಯಿ, ಎಂದು. ಮಗಳು ಬಂದಳು. ಈಗ ಆ ಬರಹದಲ್ಲಿ ಒಂದೇ ಒಂದು ಸುಳ್ಳು ಸೇರಿದರೂ ಅಮ್ಮನ ಗುಡಿಗೆ ಯಾವ ಮುಖ ಹೊತ್ತು ಹೋಗುವುದು ಎಂಬ ಭಯ ಅವಳಿಗೆ.

"ಸರಿ, ಪವಾಡ ಹೇಳಿ. ದೇವಿ ಕನಸಲ್ಲಿ ಬಂದ್ಲಾ?"

"ನಿದ್ದೇನೇ ಬರ್ಲಿಲ್ಲ, ಕನಸೆಲ್ಲಿಂದ ಬಂದದು?"

"ಗುಡೀಲಿ ನಾಗರಹಾವು ಹೆಡೆ ಎತ್ತಿ ನಿಂತಿದ್ದು?"

"ಇಲ್ಲ ಕಣಣ್ಣ. ಪಿರಿಯಾಪಟ್ಟಣದ ಆಟೋದೋರೊಬ್ರು ಗುರ್ತಿಲ್ದೆ ಇದ್ರೂ ರಕ್ತ ಕೊಟ್ರು. ಆಶಾರಾಣಿ ಅಂತ ನರ್ಸಮ್ಮ, ಅವ್ರ ಡಬ್ಬಿ ಚಿತ್ರಾನ್ನ ನಂಗೆ ಕೊಟ್ರು. ಹನ್ನೊಂದು ದಿನವೂ ಯಾರಾರ ಒಬ್ರು ಬತ್ತಾನೇ ಇದ್ರು. ಅಮ್ಮನೇ ಕಳ್ಸಿದ್ದು."

ಕಂಠಪ್ಪ ನಿಟ್ಟುಸಿರು ಬಿಟ್ಟ. "ಇದು ಮಹಿಮೆ ಅಲ್ಲ ಕಣಮ್ಮ. ಇದು ಬರೀ ನಡೆದದ್ದು."

"ನಡೆದದ್ದನ್ನ ಬರ್ಸಕ್ಕೆ ತಾನೆ ನಾನ್ ಬಂದಿರೋದು?"

ಅವಳು ಹೇಳಿದಂತೆಯೇ ಆಯಿತು. ಕರಪತ್ರದ ಕಟ್ಟು ಹಿಡಿದು ಭಾಗ್ಯ ಸಂತೆಯಲ್ಲಿ ನಿಂತಳು. ಜನ ಓದಿದರು, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಎಷ್ಟು ಪ್ರತಿ ಮಾಡಿಸ್ಬೇಕು ಅಂತ ಇಲ್ವಲ್ಲ?" ಎಂದು ಕೇಳಿದಳು ಸೊಪ್ಪು ಮಾರುವವಳು. ಏನೂ ಬೇಡ, ನಾಲ್ಕು ಜನಕ್ಕೆ ಹೇಳಿದರೆ ಸಾಕು ಎಂದಳು ಭಾಗ್ಯ. "ಏಳ್ದಿದ್ರೆ ಏನಾದದು?" "ಏನೂ ಆಗಕ್ಕಿಲ್ಲ." ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ನಮ್ಮ ಜನ ಯಾವ ಕೆಲಸ ತಾನೇ ಮಾಡಿದ್ದಾರೆ? ಮಧ್ಯಾಹ್ನದ ಹೊತ್ತಿಗೆ ಕೆರೆಕೋಡಮ್ಮನ ಕೃಪೆಯ ಹಾಳೆಯಲ್ಲೇ ಚುರುಮುರಿ ಕಟ್ಟಿಕೊಡುತ್ತಿದ್ದರು. ಭಾಗ್ಯಳಿಗೆ ಅಳುವೇ ಬಂತು. ಆದರೂ ಹರಕೆ ತೀರಿತಲ್ಲ ಎಂದು ಗುಡಿಗೆ ಹೋಗಿ ಕೈಮುಗಿದು ಬಂದಳು.

ತಿಂಗಳಾದ ಮೇಲೆ ತಾಯಿ ಮಗಳು ಗಾವಡಗೆರೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದಾಗ, ಸಣ್ಣಬೀರಯ್ಯ ಎಂಬ ಮುದುಕ ಸೀಟಿನಿಂದ ಸೀಟಿಗೆ ಹಳದಿ ಹಾಳೆ ಹಂಚುತ್ತ ಬಂದ. ಮಧುಶ್ರೀ ಓದುತ್ತ ಓದುತ್ತ ನಿಲ್ಲಿಸಿದಳು.

"ಅವ್ವ, ನಾನು ಸತ್ತೋಗಿದ್ದೀನಂತೆ."

ಕೆರೆಕೋಡಮ್ಮನ ಮಹಿಮೆ ಎಂದು ಮೇಲೆ ದಪ್ಪಕ್ಷರ. ಕೆಳಗೆ: ಕಟ್ಟೆಮಳಲವಾಡಿಯ ಭಾಗ್ಯ ಎಂಬ ಹೆಂಗಸು ದೇವಿಯ ಎಚ್ಚರಿಕೆಯ ಸಾಲನ್ನು ಉಡಾಫೆಯಿಂದ ತೆಗೆಸಿಹಾಕಿದಳು, ಡೆಂಗಿಯಿಂದ ಉಳಿದಿದ್ದ ಅವಳ ಒಬ್ಬಳೇ ಮಗಳು ಮೂರನೆಯ ದಿನ ತೀರಿಕೊಂಡಳು. ಸಾಲು ತೆಗೆಸಿದ್ದು ಕಂಠಪ್ಪನಿಗಲ್ಲದೆ ಇನ್ನಾರಿಗೂ ಗೊತ್ತಿರಲಿಲ್ಲ. ಅಂತೂ ಜವಳಿ ವ್ಯಾಪಾರಿಗೆ ಮುಕ್ತಿ ಸಿಕ್ಕಿತ್ತು. ಭಾಗ್ಯ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ತಾತ, ಇದ್ಯಾಕೆ ಅಂಚ್ತಿದ್ದೀರಿ?"

"ನಂಗೂ ಯಾರೋ ಕೊಟ್ರು ಕಣವ್ವ. ಮನೇಲಿ ಮೊಮ್ಮಕ್ಕಳವೆ, ನಮಗ್ಯಾಕೆ ಬೇಕು ಅಂತ ನೂರೊಂದು ಮಾಡ್ಸುದೆ. ಪಾಪ, ಆ ಎಣ್ಣು ಮಗ ನೋಡು, ಅನ್ಯಾಯವಾಗಿ ಓಯ್ತು."

"ಎಲ್ಲಿಗೂ ಓಗಿಲ್ಲ! ನಾನೇ ಆ ಭಾಗ್ಯ. ಇವ್ಳೇ ನನ್ ಮಗಳು. ನಿಮ್ಮ ಕಣ್ಮುಂದೇನೇ ಕುಂತವ್ಳಲ್ಲ, ನೋಡಿ!"

ಇಡೀ ಬಸ್ಸು ತಿರುಗಿ ನೋಡಿತು. ಸಣ್ಣಬೀರಯ್ಯ ಕನ್ನಡಕ ಸರಿಮಾಡಿಕೊಂಡು ಮಧುಶ್ರೀಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಕಣ್ಣು ತುಂಬಿ ಬಂತು.

"ಅಂಗಾದ್ರೆ ಆಮೇಲೆ ನೀನೂ ನೂರೊಂದು ಅಂಚ್ಬುಟ್ಟೆ ಅನ್ನು! ಸತ್ತೋಳೇ ಎದ್ದು ಬಂದವ್ಳೆ" ಎಂದು ಕೈಮುಗಿದ. ಮರುಗಳಿಗೆ ಹಾಳೆಯ ಹಿಂಬದಿ ತಿರುಗಿಸಿ ತೊಡೆಯ ಮೇಲಿಟ್ಟುಕೊಂಡು, ಮಧುಶ್ರೀಯ ಕಡೆಗೇ ಕೈ ಚಾಚಿದ.

"ಮಗಾ, ಒಸಿ ಪೆನ್ನಿದ್ರೆ ಕೊಡವ್ವ. ಇದ್ನೂ ಸೇರುಸ್ಬೇಕು."