ಗೇಟಿನ ಮೇಲೆ ಕೆಮೆರೋವೊ

ಗೇಟಿನ ಹೊರಗೆ ನಿಂತಿದ್ದ ಕನಕಮ್ಮನಿಗೆ ಬೋರ್ಡು ಓದಲು ಬರಲಿಲ್ಲ. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಕಾರ್ಮಿಕ ಮುಖಂಡ ರಾಮಚಂದ್ರಪ್ಪ ಬಂಗಾರಪೇಟೆಯಲ್ಲಿ ಕಟ್ಟಿಸಿದ ಹೊಸ ಮನೆಗೆ ರಷ್ಯದ ಕಲ್ಲಿದ್ದಲು ಗಣಿಯ ಊರೊಂದರ ಹೆಸರಿಟ್ಟು, ಅದನ್ನು ಇಂಗ್ಲಿಷಿನಲ್ಲಿ ಬರೆಸಿದ್ದ. ಕೆಮೆರೋವೊ. ಇಲ್ಲಿಯವರಿಗೂ ಓದಲು ಬರಬಾರದು, ಆ ಊರಿನವರೇ ಬಂದರೆ ಅವರಿಗೂ ಬರಬಾರದು, ಹಾಗಿತ್ತು ಏರ್ಪಾಡು.

ಹೋದ ವರ್ಷ ನಿಯೋಗದ ಜೊತೆ ಅಲ್ಲಿಗೆ ಹೋಗಿ ಬಂದಾಗಿನಿಂದ ಬಾಯಿ ತೆರೆದರೆ ಅದೇ ಹೆಸರು. ಬಾಗಿಲಿಗೆ ಎದುರಾಗಿ, ದಾರಿಹೋಕರಿಗೂ ಕಾಣುವಂತೆ, ಅಲ್ಲಿ ತೆಗೆಸಿಕೊಂಡ ಅವನ ದೊಡ್ಡ ಫೋಟೊ: ತಲೆಗೆ ಗಣಿಯ ಟೋಪಿ, ಹಣೆಯಲ್ಲಿ ದೀಪ, ಮೈಮೇಲೆ ಇಸ್ತ್ರಿ ಕೆಡದ ಅಂಗಿ. ನಂದಿದುರ್ಗ ಚಿನ್ನದ ಗಣಿಯಲ್ಲಿ ಹಾಜರಿ ಗುಮಾಸ್ತನಾಗಿ ಸೇರಿ ಮುಖಂಡನಾದ ಈ ಮಹಾಶಯ ಇಲ್ಲಿ ಒಂದು ದಿನವೂ ಕೆಳಗಿಳಿದವನಲ್ಲ. ಭೂಮಿಯೊಳಗೆ ಇಳಿಯಲು ಅವನು ವಿಮಾನ ಹತ್ತಬೇಕಾಯಿತು.

ಕನಕಮ್ಮ ರೈಲು ಹತ್ತಿ ಬಂದದ್ದು ಗಂಡನ ಜೀವಕ್ಕಾಗಿ. ಬಂಡೆ ಕೊರೆದು ಕೊರೆದು ದೊಡ್ಡವೆಂಕಟಪ್ಪನ ಎದೆಗೆ ಕಲ್ಲಿನ ಧೂಳು ಕೂತಿತ್ತು.

"ಅಣ್ಣ, ಗಣಿ ಡಾಕ್ಟ್ರಿಗೆ ಒಂದು ಮಾತು ಏಳಿ. ನಮ್ಮೋರ್ನ ಮೇಲಿನ ಕೆಲ್ಸಕ್ಕೆ ಆಕ್ಸಿ. ಇನ್ನೂ ಕೆಳಕ್ಕೇ ಇಳೀತಾ ಇದ್ರೆ ಉಳಿಯಲ್ಲ."

ಗೇಟು ತೆರೆಯದೆ ರಾಮಚಂದ್ರಪ್ಪ ಕಂಬಿಯ ಮೇಲೆ ಕೈಯಿಟ್ಟ. "ಕೆಮೆರೋವೊದಲ್ಲಿ ಏನು ಮಾಡ್ತಾರೆ ಗೊತ್ತಾ? ಕೆಮ್ಮು ಅಂದ್ರೆ ಸಾಕು, ನದಿ ಪಕ್ಕದಲ್ಲಿ ವಿಶ್ರಾಂತಿಧಾಮ. ಹಾಲು, ಬೆಣ್ಣೆ. ನೋಡಿಕೊಳ್ಳೋಕೆ ನರ್ಸು."

"ಅಷ್ಟೆಲ್ಲ ಬ್ಯಾಡಣ್ಣ. ಬಾಗ್ಲು ಕಾಯೋ ಕೆಲ್ಸ ಕೊಟ್ರೂ ಸಾಕು."

"ಕೇಳೋದಾದ್ರೆ ದೊಡ್ಡದನ್ನೇ ಕೇಳಬೇಕಮ್ಮ. ಸಣ್ಣಪುಟ್ಟದ್ದು ಕೇಳಿದ್ರೆ ಹೋರಾಟದ ಮರ್ಯಾದೆ ಏನಾಗಬೇಕು? ಹೋಗಿ ಬಾ ಕನಕಮ್ಮ, ನೋಡೋಣ."

ಅವಳು ಹೋದಳು, ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಗೇಟು ತೆರೆಯಲಿಲ್ಲ, ಮಾತು ಬದಲಾಗಲಿಲ್ಲ. ಅಷ್ಟರಲ್ಲಿ ನಂದಿದುರ್ಗದ ಕಾರ್ಮಿಕರ ಲೈನುಮನೆಗಳಲ್ಲಿ ಆ ಹೆಸರಿಗೆ ಬೇರೆಯೇ ಉಪಯೋಗ ಸಿಕ್ಕಿತ್ತು. ನಲ್ಲಿ ಒಣಗಿದ ದಿನ ಹೆಂಗಸರು, "ನೀರಾ? ಕೆಮೆರೋವೊದಲ್ಲಿ ಬರ್ತೈತೆ, ಬಿಂದಿಗೆ ತಕ್ಕೊಂಡು ಓಗು" ಎನ್ನುತ್ತಿದ್ದರು. ಕನಕಮ್ಮ ಮಾತ್ರ ಆ ನಗೆಯಲ್ಲಿ ಸೇರುತ್ತಿರಲಿಲ್ಲ. ಅವಳಿಗೆ ಇನ್ನೂ ಆಸೆಯಿತ್ತು, ಪಾಪ.

ಸಂಕ್ರಾಂತಿ ಕಳೆದ ವಾರ ದೊಡ್ಡವೆಂಕಟಪ್ಪ ಪಾಳಿ ಮುಗಿಸಿ ಬಂದು ಮಲಗಿದವನು ಏಳಲಿಲ್ಲ.

ಸಂಘದ ಚುನಾವಣೆ ಹತ್ತಿರವಿತ್ತು. ಹಾಗಾಗಿ ಮುಖಂಡರಿಗೆ ದುಃಖವೂ ಬೇಗ ಬಂತು. ಕನಕಮ್ಮನ ಮನೆಗೆ ಬಂದು, ಪಕ್ಕದ ಮನೆಯವರು ತಂದಿಟ್ಟ ಕುರ್ಚಿಯಲ್ಲಿ ಕೂತು, ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ರಾಮಚಂದ್ರಪ್ಪ ಸುತ್ತ ಕೂತ ಹೆಂಗಸರನ್ನೆಲ್ಲ ಒಮ್ಮೆ ನೋಡಿದ.

"ಇದೇ ಕೆಮೆರೋವೊ ಆಗಿದ್ರೆ ನಿನಗೆ ಈ ಗತಿ ಬರ್ತಿರಲಿಲ್ಲ ಕನಕಮ್ಮ. ಅಲ್ಲಿ ಗಣಿ ಕೆಲಸಗಾರ ಸತ್ರೆ ಊರೇ ಬ್ಯಾಂಡು ಬಾರಿಸಿಕೊಂಡು ಹಿಂದೆ ಹೋಗುತ್ತೆ."

ಕನಕಮ್ಮ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಎಷ್ಟೋ ದಿನ ಗೇಟಿನ ಕಂಬಿ ಹಿಡಿದು ನಿಂತ ಕೈಗಳು ಈಗ ಮಡಿಲಲ್ಲಿ ಬಿದ್ದಿದ್ದವು. ಅವಳೊಳಗೆ ಅಳು ಮುಗಿದಿತ್ತು. ಉಳಿದದ್ದು ಬರೀ ಸಿಟ್ಟು.

ಮುಖಂಡ ಎದ್ದ. ಸಾವಿನ ಮನೆಯಿಂದ ಹೊರಡುವವರು 'ಬರ್ತೀನಿ' ಅನ್ನುವುದಿಲ್ಲ, ಮನೆಯವರೂ 'ಹೋಗಿ ಬಾ' ಅನ್ನುವುದಿಲ್ಲ. ಹಾಗಂದರೆ ಇನ್ನೊಂದು ಸಾವನ್ನು ಕರೆದಂತೆ. ರಷ್ಯಕ್ಕೆ ಹೋಗಿ ಬಂದರೂ ರಾಮಚಂದ್ರಪ್ಪ ಇದೊಂದನ್ನು ಮರೆತಿರಲಿಲ್ಲ. ತಲೆ ತಗ್ಗಿಸಿ, ತುಟಿ ಬಿಗಿದು, ಸದ್ದಿಲ್ಲದೆ ಚಪ್ಪಲಿ ಮೆಟ್ಟಿದ.

ಕನಕಮ್ಮ ತಲೆಯೆತ್ತಿದಳು. ಲೈನಿಗೆಲ್ಲ ಕೇಳುವಂತೆ ಹೇಳಿದಳು:

"ಓಗಿ ಬಾ ರಾಮಚಂದ್ರಪ್ಪ, ನೋಡಾಣ."